ದೊಡ್ಡ ಚಿತ್ರದ ಮೇಲೆ ಗೆರೆ ಎಳೆಯೋಕೆ ಕ್ಯೂಟಿ ಗ್ರಾಫಿಕ್ಸ್ ವ್ಯೂ: ಎರಡು ವರ್ಷ ಬಳಸಿದ ಮೇಲೆ

ಮೈಕ್ರೋಸ್ಕೋಪ್ ಸ್ಲೈಡ್‌ಗಳ ಸ್ಕ್ಯಾನ್ ಮೇಲೆ ಜೀವಕೋಶಗಳ ಅಂಚನ್ನು ಗುರುತು ಹಾಕುವ ಒಂದು ಡೆಸ್ಕ್‌ಟಾಪ್ ಪ್ರೋಗ್ರಾಂ ಇದೆ. ಎರಡು ವರ್ಷದಿಂದ ಅದನ್ನು ಬರೆಯುತ್ತಾ, ರಿಪೇರಿ ಮಾಡುತ್ತಾ ಇದ್ದೇನೆ. ಭಾಷೆ ಪೈಥಾನ್. ಕಿಟಕಿ, ಬಟನ್ ಇರುವ ಪ್ರೋಗ್ರಾಂ ಬರೆಯಲು ನೆರವಾಗುವ ಲೈಬ್ರರಿ ಕ್ಯೂಟಿ, ಅದನ್ನು ಪೈಥಾನ್‌ನಿಂದ ಬಳಸಲು ಪೈಸೈಡ್6. ಚಿತ್ರ ತೋರಿಸುವ, ಅದರ ಮೇಲೆ ಗುರುತು ಮೂಡಿಸುವ ಕೆಲಸವೆಲ್ಲ ಕ್ಯೂಟಿಯ ಗ್ರಾಫಿಕ್ಸ್ ವ್ಯೂ ಅನ್ನುವ ಭಾಗದ್ದು. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಈ ವಿಮರ್ಶೆ.

ಮೊದಲು ಚಿತ್ರ ಎಷ್ಟು ದೊಡ್ಡದು ಅಂತ ಹೇಳಿಬಿಡುತ್ತೇನೆ. ಅಗಲ 20,000 ಪಿಕ್ಸೆಲ್, ಎತ್ತರ 15,000. ಒಟ್ಟು 30 ಕೋಟಿ ಪಿಕ್ಸೆಲ್. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ 1.2 ಜಿಬಿ. ಡಿಸ್ಕ್ ಮೇಲೆ ಜೆಪೆಗ್ ಫೈಲ್ ಎಷ್ಟೇ ಚಿಕ್ಕದಿರಲಿ, ಪೂರ್ತಿ ಬಿಚ್ಚಿ ಮೆಮೊರಿಗೆ ತಂದರೆ ಇಷ್ಟು ಜಾಗ ಬೇಕೇ ಬೇಕು.

ಮೊದಲ ಆವೃತ್ತಿಯಲ್ಲಿ ಗೆರೆಯನ್ನು ಚಿತ್ರದ ಮೇಲೇ ಬರೆದುಬಿಡುತ್ತಿದ್ದೆ. ಬರೆಯುವುದು ಸುಲಭ, ಅಳಿಸುವುದು ಹೇಗೆ? ಗೆರೆಯ ಕೆಳಗಿದ್ದ ಪಿಕ್ಸೆಲ್ ಹೋಗಿಬಿಟ್ಟಿರುತ್ತದೆ. ಹಾಗಾಗಿ ಮೂಲ ಚಿತ್ರದ ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕು, ಅಂದರೆ ಇನ್ನೂ 1.2 ಜಿಬಿ. ಆಮೇಲೆ ಸ್ಕ್ರಾಲ್ ಏರಿಯಾ ಒಳಗೆ ಒಂದು ಲೇಬಲ್ (ಚಿತ್ರ ತೋರಿಸುವ ಸರಳ ಚೌಕಟ್ಟು) ಇಟ್ಟು, ಅದರ ಮೇಲೆ ಬೇರೆಯಾಗಿ ಗೆರೆ ಬಿಡಿಸಿದೆ. ಜೂಮ್ ಮಾಡದೆ ಇದ್ದರೆ ಅದು ಚೆನ್ನಾಗಿಯೇ ಓಡುತ್ತದೆ. ಆದರೆ ಲೇಬಲ್‌ನಲ್ಲಿ 4 ಪಟ್ಟು ಜೂಮ್ ಅಂದರೆ ಅಷ್ಟೂ ಚಿತ್ರವನ್ನು 4 ಪಟ್ಟು ಹಿಗ್ಗಿಸಿ ಇಟ್ಟುಕೊಳ್ಳಬೇಕು. ಅಗಲ ನಾಲ್ಕು ಪಟ್ಟು, ಎತ್ತರ ನಾಲ್ಕು ಪಟ್ಟು, ಮೆಮೊರಿ ಹದಿನಾರು ಪಟ್ಟು. 19.2 ಜಿಬಿ! ತೆರೆಯ ಮೇಲೆ ಕಾಣುವುದು ಮಾತ್ರ ಒಂದು ಮೂಲೆ.

ಗ್ರಾಫಿಕ್ಸ್ ವ್ಯೂ 2006ರಲ್ಲಿ ಕ್ಯೂಟಿ 4.2ರ ಜೊತೆ ಬಂದದ್ದು. ಹಳೆಯದು, ಆದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ಸೀನ್ ಇರುತ್ತದೆ. ಅದರಲ್ಲಿ ಐಟಂಗಳು: ಚಿತ್ರ ಒಂದು ಐಟಂ, ಕೋಶದ ಅಂಚಿಗೆ ಎಳೆದ ಪ್ರತಿ ಬಹುಭುಜ ಒಂದೊಂದು ಐಟಂ. ವ್ಯೂ ಅನ್ನುವುದು ಸೀನ್ ನೋಡುವ ಕಿಟಕಿ ಅಷ್ಟೇ. ಸ್ಕ್ರಾಲ್ ಮಾಡಿದರೆ, ಜೂಮ್ ಮಾಡಿದರೆ ಬದಲಾಗುವುದು ಕಿಟಕಿ. ನನ್ನ ಗೆರೆಯ ನಿರ್ದೇಶಾಂಕಗಳು ಚಿತ್ರದ ಪಿಕ್ಸೆಲ್ ಲೆಕ್ಕದಲ್ಲೇ ಉಳಿಯುತ್ತವೆ. ಮೌಸ್ ಎಲ್ಲಿ ಒತ್ತಿದರು ಅನ್ನುವುದನ್ನು ಮ್ಯಾಪ್‌ಟುಸೀನ್ ಅನ್ನುವ ಒಂದೇ ಕರೆ ಚಿತ್ರದ ಲೆಕ್ಕಕ್ಕೆ ತಿರುಗಿಸಿ ಕೊಡುತ್ತದೆ. ಸ್ಕ್ರಾಲ್ ಬಾರ್ ಎಷ್ಟು ಸರಿದಿದೆ, ಜೂಮ್ ಎಷ್ಟಿದೆ ಅಂತ ನಾನೇ ಕೂಡಿ ಭಾಗಿಸುವ ಕೋಡ್ ಪೂರ್ತಿ ತೆಗೆದುಹಾಕಿದೆ. ಆ ಕೋಡ್‌ನಲ್ಲೇ ನನ್ನ ಅರ್ಧ ತಪ್ಪುಗಳು ಕೂತಿದ್ದವು. ಇದೊಂದಕ್ಕೇ ನಾನು ಇದನ್ನು ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಪೈಥಾನ್ ಜೊತೆಗೇ ಬರುವ ಟಿಕಿಂಟರ್‌ನ ಕ್ಯಾನ್ವಾಸ್‌ನಲ್ಲೂ ಐಟಂಗಳಿವೆ, ಸ್ಕ್ರಾಲ್ ಇದೆ. ಆದರೆ ಅದರ ಸ್ಕೇಲ್ ಆಜ್ಞೆ ಗೆರೆಗಳನ್ನು ಹಿಗ್ಗಿಸುತ್ತದೆ, ಚಿತ್ರವನ್ನು ಹಿಗ್ಗಿಸುವುದಿಲ್ಲ. ಜೂಮ್ ಬೇಡ ಅಂದರೆ ಸಾಕು. ನಮಗೆ ಸಾಲಲಿಲ್ಲ.

ಇನ್ನು ಗೆರೆಯ ದಪ್ಪ. ನಾನು 2 ಪಿಕ್ಸೆಲ್ ಪೆನ್ ಇಟ್ಟಿದ್ದೆ. 8 ಪಟ್ಟು ಜೂಮ್ ಮಾಡಿದಾಗ ಅದೇ ಗೆರೆ ತೆರೆಯ ಮೇಲೆ 16 ಪಿಕ್ಸೆಲ್ ದಪ್ಪ ಆಯಿತು. ಕೋಶದ ಅಂಚು ಎಲ್ಲಿದೆ ಅಂತ ಹತ್ತಿರದಿಂದ ನೋಡೋಕೆ ಜೂಮ್ ಮಾಡಿದರೆ, ಆ ಅಂಚನ್ನೇ ಗೆರೆ ಮುಚ್ಚಿಬಿಡುತ್ತಿತ್ತು! ಪೆನ್ನಿಗೆ ಸೆಟ್‌ಕಾಸ್ಮೆಟಿಕ್ ಅಂತ ಒಂದು ಸಾಲು ಸೇರಿಸಿದರೆ ಜೂಮ್ ಎಷ್ಟಿದ್ದರೂ ಗೆರೆ ಅಷ್ಟೇ ತೆಳ್ಳಗೆ ಇರುತ್ತದೆ. ಮೂಲೆಗಳಲ್ಲಿ ಹಿಡಿದು ಎಳೆಯುವ ಪುಟ್ಟ ಚೌಕಗಳಿಗೂ, ಹೆಸರಿನ ಚೀಟಿಗೂ ಐಟಂ ಇಗ್ನೋರ್ಸ್ ಟ್ರಾನ್ಸ್‌ಫರ್ಮೇಶನ್ಸ್ ಅನ್ನುವ ಫ್ಲಾಗ್ ಹಾಕಿದೆ. ಅವೂ ಹಿಗ್ಗುವುದಿಲ್ಲ. ಒಂದು ಎಚ್ಚರಿಕೆ: ತೆಳ್ಳನೆ ಗೆರೆಯನ್ನು ಮೌಸ್‌ನಿಂದ ಹಿಡಿಯುವುದು ಕಷ್ಟ. ಕಾಣುವ ಗೆರೆ ತೆಳ್ಳಗಿರಲಿ, ಐಟಂನ ಶೇಪ್‌ನಲ್ಲಿ (ಕ್ಲಿಕ್ ತಗುಲುವ ಜಾಗ) ಮಾತ್ರ ಸುತ್ತ ಸ್ವಲ್ಪ ಜಾಸ್ತಿ ಜಾಗ ಕೊಡಿ. ಗುರುತು ಹಾಕುವವರ ಮಣಿಕಟ್ಟು ನಿಮಗೆ ಋಣಿಯಾಗಿರುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಅಳತೆ ಪಟ್ಟಿ, ಅಂದರೆ ಚಿತ್ರದಲ್ಲಿ ಇಷ್ಟು ಉದ್ದ ನಿಜದಲ್ಲಿ ಎಷ್ಟು ಅಂತ ತೋರಿಸುವ ಗೆರೆ. ಚಿತ್ರ ಎತ್ತ ಸರಿದರೂ ಕೆಳಗಿನ ಎಡ ಮೂಲೆಯಲ್ಲಿ ಅದು ನಿಂತಿರಬೇಕು. ಎಲ್ಲದರ ಮೇಲೆ ಬಿಡಿಸಲು ಇರುವ ಡ್ರಾಫೋರ್‌ಗ್ರೌಂಡ್ ಒಳಗೆ ತೆರೆಯ ನಿರ್ದೇಶಾಂಕದಲ್ಲಿ ಬಿಡಿಸಿದೆ. ನಿಂತಾಗ ಸರಿಯಾಗಿತ್ತು. ಸ್ಕ್ರಾಲ್ ಮಾಡಿದ ಕೂಡಲೇ ಪಟ್ಟಿ ಒದ್ದೆ ಬಣ್ಣದ ಹಾಗೆ ಉದ್ದಕ್ಕೂ ಬಳಿದುಕೊಂಡು ಹೋಯಿತು. ಕಾರಣ ಹುಡುಕಿದಾಗ ಗೊತ್ತಾಗಿದ್ದು ಇದು: ಸ್ಕ್ರಾಲ್ ಬೇಗ ಆಗಲಿ ಅಂತ ವ್ಯೂ ಈಗಾಗಲೇ ತೆರೆಯ ಮೇಲಿರುವ ಪಿಕ್ಸೆಲ್‌ಗಳನ್ನು ಹಾಗೇ ಪಕ್ಕಕ್ಕೆ ಸರಿಸುತ್ತದೆ, ಹೊಸದಾಗಿ ಕಾಣುವ ಅಂಚನ್ನು ಮಾತ್ರ ಮತ್ತೆ ಬಿಡಿಸುತ್ತದೆ. ಸರಿದ ಪಿಕ್ಸೆಲ್‌ಗಳ ಜೊತೆ ನನ್ನ ಪಟ್ಟಿಯೂ ಸರಿದಿತ್ತು. ಪ್ರತಿ ಸಲ ಇಡೀ ವ್ಯೂ ಬಿಡಿಸು ಅಂತ ಫುಲ್ ವ್ಯೂಪೋರ್ಟ್ ಅಪ್‌ಡೇಟ್ ಹಾಕಿದರೆ ಇದು ಹೋಗುತ್ತದೆ. ಆದರೆ ಆ ವೇಗವೂ ಹೋಗುತ್ತದೆ. ನಾನು ಪಟ್ಟಿಯನ್ನು ಒಂದು ಪುಟ್ಟ ವಿಜೆಟ್ (ತನ್ನನ್ನು ತಾನೇ ಬಿಡಿಸಿಕೊಳ್ಳುವ ಬೇರೆ ತುಣುಕು) ಮಾಡಿ ಮೇಲಿಟ್ಟೆ. ಅದನ್ನು ವ್ಯೂಪೋರ್ಟ್‌ನ (ವ್ಯೂ ಒಳಗೆ ಚಿತ್ರ ಮೂಡುವ ಜಾಗ) ಒಳಗೆ ಸೇರಿಸಬೇಡಿ. ವ್ಯೂಪೋರ್ಟ್ ಸರಿದಾಗ ಅದರ ಮಕ್ಕಳೂ, ಅಂದರೆ ಅದರೊಳಗೆ ಸೇರಿಸಿದ ವಿಜೆಟ್‌ಗಳೂ ಸರಿಯುತ್ತವೆ. ನೇರವಾಗಿ ವ್ಯೂಗೇ ಮಗುವಾಗಿ ಸೇರಿಸಿ, ಮೌಸ್ ಕ್ಲಿಕ್ ಅದರ ಮೂಲಕ ದಾಟಿಹೋಗುವ ಹಾಗೆ ಮಾಡಿ.

ಇನ್ನೊಂದು ಬಗೆಯ ಕಲೆ ನಾನೇ ಮಾಡಿಕೊಂಡದ್ದು. ಬಹುಭುಜದ ಒಂದು ಮೂಲೆ ಎಳೆದಾಗ ಹಳೆಯ ಗೆರೆಯ ಚೂರುಗಳು ಹಿಂದೆ ಉಳಿಯುತ್ತಿದ್ದವು. ಐಟಂನ ಗಡಿ ಬದಲಾಗುವ ಮುಂಚೆ ಪ್ರಿಪೇರ್‌ಜಿಯೋಮೆಟ್ರಿಚೇಂಜ್ ಕರೆಯಬೇಕು. ನಾನು ಕರೆದಿರಲಿಲ್ಲ. ಕಣ್ಣಿಗೆ ಕಾಣುವ ಕಲೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಯಾವ ಐಟಂ ಎಲ್ಲಿದೆ ಅಂತ ಹುಡುಕಲು ಸೀನ್ ಒಂದು ಸೂಚಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಹೇಳದೆ ಗಡಿ ಬದಲಿಸಿದರೆ ಕ್ಲಿಕ್ ಮಾಡಿದಾಗ ಐಟಂ ಸಿಗದೇ ಹೋಗಬಹುದು.

ಈಗ ಗ್ರಾಫಿಕ್ಸ್ ವ್ಯೂ ಮಾಡದ ಕೆಲಸ. ದೊಡ್ಡ ಚಿತ್ರವನ್ನು ಅದು ತಾನಾಗಿ ತುಂಡು ಮಾಡುವುದಿಲ್ಲ. ಇಡೀ ಚಿತ್ರವನ್ನು ಒಂದೇ ಪಿಕ್ಸ್‌ಮ್ಯಾಪ್ (ತೆರೆಗೆ ತೋರಿಸಲು ಸಿದ್ಧವಾದ ಚಿತ್ರ) ಐಟಂ ಮಾಡಿ ಕೊಟ್ಟರೆ ಅದು ಇಡೀ ಚಿತ್ರವನ್ನು ಹೊತ್ತುಕೊಂಡಿರುತ್ತದೆ. ಕ್ಯೂಟಿ 6ರಲ್ಲಿ ಚಿತ್ರ ಓದುವಾಗಲೇ ಮೆಮೊರಿಗೆ ಒಂದು ಮಿತಿ ಇದೆ. ಅದಕ್ಕಿಂತ ದೊಡ್ಡದಾದರೆ ಖಾಲಿ ಚಿತ್ರ ಬರುತ್ತದೆ. ಇಮೇಜ್ ರೀಡರ್‌ನ ಸೆಟ್‌ಅಲೊಕೇಶನ್‌ಲಿಮಿಟ್‌ನಿಂದ ಮಿತಿ ಏರಿಸಬಹುದು, ಆದರೆ ಅದು ಪರಿಹಾರ ಅಲ್ಲ ಅಲ್ವಾ?

ನಾನು ಚಿತ್ರವನ್ನು 512 × 512 ಪಿಕ್ಸೆಲ್‌ನ ಚೌಕ ತುಂಡುಗಳಾಗಿ (ಟೈಲ್) ಮೊದಲೇ ಕತ್ತರಿಸಿ ಇಡುತ್ತೇನೆ. ಒಂದು ಟೈಲ್‌ಗೆ ಸುಮಾರು 1 ಎಂಬಿ. 1920 × 1080ರ ತೆರೆಯಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 20 ಟೈಲ್ ಕಾಣುತ್ತವೆ. ಅಂದರೆ 1.2 ಜಿಬಿ ಕೆಲಸ 20 ಎಂಬಿಯಲ್ಲಿ ಮುಗಿಯಿತು. ದೂರದಿಂದ ನೋಡೋಕೆ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳೂ ಬೇಕು. ಅವೆಲ್ಲ ಸೇರಿದರೂ ಮೂಲದ ಮೂರನೇ ಒಂದು ಭಾಗದಷ್ಟು ಜಾಗ ಮಾತ್ರ ಜಾಸ್ತಿ. ಟೈಲ್ ಓದುವುದು ಬೇರೆ ಥ್ರೆಡ್‌ನಲ್ಲಿ, ಅಂದರೆ ತೆರೆ ನಿಲ್ಲದ ಹಾಗೆ ಪಕ್ಕದಲ್ಲೇ ಓಡುವ ಕೆಲಸದ ಸಾಲಿನಲ್ಲಿ. ಅಲ್ಲಿ ಕ್ಯೂಇಮೇಜ್ (ಮೆಮೊರಿಯಲ್ಲಿರುವ ಬರೀ ಪಿಕ್ಸೆಲ್‌ಗಳ ಚಿತ್ರ) ಮಾತ್ರ ಬಳಸಿ, ಕ್ಯೂಪಿಕ್ಸ್‌ಮ್ಯಾಪ್ ಮಾಡುವುದು ಮುಖ್ಯ ಥ್ರೆಡ್‌ಗೆ ಬಂದ ಮೇಲೆ. ಜೂಮ್ ಪೂರ್ಣ ಸಂಖ್ಯೆ ಅಲ್ಲದಿದ್ದಾಗ ಟೈಲ್‌ಗಳ ನಡುವೆ ಹೊಲಿಗೆಯಂಥ ಬಿಳಿ ಗೆರೆ ಕಾಣಬಹುದು. ಪಕ್ಕದ ಟೈಲ್‌ನಿಂದ ಒಂದು ಪಿಕ್ಸೆಲ್ ಸಾಲು ಕದ್ದು ಅಂಚಿಗೆ ಸೇರಿಸಿದೆ. ಹೊಲಿಗೆ ಮಾಯ.

ಪೈಥಾನ್‌ನಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನಿಮ್ಮದೇ ಐಟಂ ಬರೆದರೆ ಪ್ರತಿಯೊಂದನ್ನು ಬಿಡಿಸುವ ಪೇಂಟ್ ಕರೆಗೂ ಕ್ಯೂಟಿ ಪೈಥಾನ್ ಒಳಗೆ ಹೋಗಿ ಬರಬೇಕು, ಅದು ನಿಧಾನ. ಬಹುಭುಜ ಕೆಲವು ಸಾವಿರ ಇದ್ದರೆ ತೊಂದರೆ ಇಲ್ಲ. ಆದರೆ ಸುಮ್ನೆ ತೋರಿಸುವುದಕ್ಕಿರುವ, ಯಾರೂ ಮುಟ್ಟದ ಹತ್ತಾರು ಸಾವಿರ ಚುಕ್ಕೆಗಳಿಗೆ ಒಂದೊಂದು ಐಟಂ ಮಾಡಬೇಡಿ. ನಾನು ಟೈಲ್ ಒಂದರ ಚುಕ್ಕೆಗಳನ್ನೆಲ್ಲ ಸೇರಿಸಿ ಒಂದೇ ಐಟಂ ಮಾಡಿದೆ. ಸ್ಕ್ರಾಲ್ ಮತ್ತೆ ಹಗುರಾಯಿತು.

ಕಳೆದ ವಾರ ಸಹೋದ್ಯೋಗಿ ಒಬ್ಬರು ಹಳೆಯ ಸ್ಲೈಡ್ ಒಂದನ್ನು ತೆರೆದು 16 ಪಟ್ಟು ಜೂಮ್ ಮಾಡಿದರು. ಒಂದೊಂದು ಪಿಕ್ಸೆಲ್ಲೂ ಚೌಕವಾಗಿ ಕಾಣುತ್ತಿತ್ತು. ಗೆರೆ ಅರ್ಧ ಪಿಕ್ಸೆಲ್ ಮೇಲಕ್ಕೆ, ಎಡಕ್ಕೆ ಕೂತಿದೆ ಅಂತ ಅವರೇ ಕಂಡುಹಿಡಿದರು. ನಿಜ. ಸೀನ್‌ನಲ್ಲಿ 10 ಅಂದರೆ ಹತ್ತನೇ ಪಿಕ್ಸೆಲ್‌ನ ಅಂಚು, ಅದರ ನಡುಮಧ್ಯ 10.5. ನಮ್ಮ ಹಳೆಯ ಫೈಲ್‌ಗಳಲ್ಲಿ 10 ಅಂತ ಬರೆದದ್ದು ನಡುಮಧ್ಯವನ್ನು. ಫೈಲ್ ಓದುವ ಕಡೆ 0.5 ಕೂಡಿಸಿದೆ, ಗೆರೆ ಸರಿಯಾಗಿ ಕೋಶದ ಅಂಚಿಗೆ ಬಂದು ಕೂತಿತು.