ಹಳೇ ಕನೂ ದೋಣಿಗೆ ಯಾವ ಹಾಯಿ: ಟಾರ್ಪಾಲ್, ಡೇಕ್ರಾನ್, ಹತ್ತಿ

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಹತ್ತಿಗೆ. ದಾವಣಗೆರೆಯವನು, ಹತ್ತಿ ಮಿಲ್ಲಿನ ಊರಿನವನು, ಇನ್ನೇನು ಹೇಳ್ತಾನೆ ಅನ್ನಬೇಡಿ. ಮೂರನ್ನೂ ಕಟ್ಟಿ ನೋಡಿದ್ದೇನೆ.

ಮಲೆನಾಡಿನ ಎಸ್ಟೇಟೊಂದರ ಗೋಡೌನಿನಲ್ಲಿ ಸಿಕ್ಕ ವಿಲಾಯ್ತಿ ಮರದ ಕನೂ ಇದು. ಗಿಡ್ಡ ಕಂಬ, ಎರಡು ಗಳ, ಅವುಗಳ ನಡುವೆ ಮೂರು ಮೂಲೆಯ ಲೆಟೀನ್ ಹಾಯಿ. ಮರ ಗಟ್ಟಿಯಿತ್ತು, ಹಾಯಿಯನ್ನು ಇಲಿ ತಿಂದಿತ್ತು. 1933ರ ನಂತರ 2022ರಲ್ಲಿ ಮಾರಿಕಣಿವೆ ಡ್ಯಾಮ್ ಮತ್ತೆ ಕೋಡಿ ಬಿತ್ತಲ್ಲ, ಆಗ ಹಿಡಿದ ಹುಚ್ಚು.

ಟಾರ್ಪಾಲ್ ಮೆಕ್ಕೆಜೋಳ ಮುಚ್ಚೋಕೆ ಸರಿ. ಅಳತೆ ನೋಡೋಕೆ ಒಂದು ದಿನ ಕಟ್ಟಿ, ಬಿಚ್ಚಿಡಿ.

ದುಡ್ಡು ಸುರಿದದ್ದು ಡೇಕ್ರಾನಿಗೆ. ಪಾಲಿಯೆಸ್ಟರ್ ಬಟ್ಟೆ, ನೀರು ಕುಡಿಯಲ್ಲ, ಹಿಗ್ಗೋದೂ ಕಡಿಮೆ. ಓಟದಲ್ಲಿ ಹತ್ತಿಗಿಂತ ಮುಂದು, ಸುಳ್ಳು ಯಾಕೆ ಹೇಳಲಿ. ಆದರೆ ಬಿಳೀ ಬಿಳೀ, ಪರಪರ ಸದ್ದು, ಅಜ್ಜನಿಗೆ ಬರ್ಮುಡಾ ಹಾಕಿಸಿದ ಹಾಗೆ. ಈ ದೋಣಿ ಕಟ್ಟಿದ ಕಾಲಕ್ಕೆ ಆ ಬಟ್ಟೆಯೇ ಇರಲಿಲ್ಲ.

ಹತ್ತಿ ಹಾಯಿಯನ್ನು ಶಾಮಿಯಾನ ಹೊಲಿಯುವವರ ಹತ್ತಿರ ಮಾಡಿಸಿದೆ. ಉಳಿದ ಚಿಂದಿಯಲ್ಲಿದ್ದ ಹಾಗೇ ಕಿರಿದಾದ ಪಟ್ಟಿಗಳನ್ನು ಜೋಡಿಸಿ ಎಂದೆ. 'ಇಷ್ಟು ಹೊಲಿಗೆ ಯಾಕೆ ಸಾರ್, ಅಗಲದ ಬಟ್ಟೆ ಇದೆಯಲ್ಲ' ಅಂದರು. ಬಟ್ಟೆ ಓರೆಯಾಗಿ ಎಳೆದರೆ ಜಾಸ್ತಿ ಹಿಗ್ಗುತ್ತೆ, ಹೊಲಿಗೆ ಜಾಸ್ತಿ ಇದ್ದಷ್ಟೂ ಆಕಾರ ನಿಲ್ಲುತ್ತೆ. ಅಷ್ಟಾದರೂ ಡೇಕ್ರಾನಿನ ಅರ್ಧ ಖರ್ಚೂ ಆಗಲಿಲ್ಲ.

ಕೈ ಕೊಟ್ಟಿದ್ದು ಕಟ್ಟುವಾಗ. ಹಿಂದಿನ ರಾತ್ರಿ, ಒಣ ಬಟ್ಟೆಯನ್ನು ತಮಟೆ ಹಾಗೆ ಬಿಗಿದು ಗಳಕ್ಕೆ ಹುರಿ ಸುತ್ತಿದ್ದೆ, ಒಂದು ಸುಕ್ಕೂ ಇಲ್ಲ, ಮೊಬೈಲಲ್ಲಿ ಫೋಟೋ ಬೇರೆ ಹೊಡೆದುಕೊಂಡಿದ್ದೆ. ಬೆಳಿಗ್ಗೆ ಅನುಮತಿ ತಗೊಂಡು ನೀರಿಗಿಳಿದ ಅರ್ಧ ಗಂಟೆಗೆ ಜಿಟಿಜಿಟಿ ಮಳೆ. ಹತ್ತಿ ಬಟ್ಟೆ ನೆನೆದರೆ ಕುಗ್ಗುತ್ತೆ ಅಂತ ಪಂಚೆ ಒಗೆಯುವವರಿಗೆಲ್ಲ ಗೊತ್ತು, ನನಗೆ ಮಾತ್ರ ಆಗ ಹೊಳೆಯಲಿಲ್ಲ. ಹುರಿಯೂ ಹತ್ತಿಯದೇ, ಅದೂ ಕುಗ್ಗಿತು. ಕೆಳಗಿನ ಗಳ ಬಿಲ್ಲಿನ ಹಾಗೆ ಬಾಗಿತು. ನೋಡ್ತಾ ನೋಡ್ತಾ ಮೂಲೆಯ ಹಿತ್ತಾಳೆ ರಿಂಗು ಬಟ್ಟೆ ಸಮೇತ ಕಿತ್ತು ಬಂತು. 'ಅಣ್ಣಾ, ಹುಟ್ಟು ಹಾಕೋಣ' ಅಂದ ತಮ್ಮ. ದಡದ ತನಕ ಇಬ್ಬರೂ ಮಾತಾಡಲಿಲ್ಲ.

ಈಗ ಸಡಿಲ ಕಟ್ಟುತ್ತೇನೆ. ಹೊಸ ಹಾಯಿಯನ್ನು ಮೊದಲ ನಾಲ್ಕೈದು ಸಲ ಮೆಲುಗಾಳಿಯಲ್ಲೇ ಪಳಗಿಸಿದೆ. ಒದ್ದೆ ಸುತ್ತಿಟ್ಟರೆ ಬೂಷ್ಟು ಗ್ಯಾರಂಟಿ. ನಮ್ಮ ತಾರಸಿಯ ಬಿಸಿಲಿಗೆ ಒಣಗಿಸೋದು ಲೆಕ್ಕಕ್ಕಿಲ್ಲ, ನಾನು ಹೋಗೋದೇ ವರ್ಷಕ್ಕೆ ಐದಾರು ಸಲ. ಆಗುಂಬೆ ಕಡೆಯವರಾದರೆ ಸುಮ್ನೆ ಡೇಕ್ರಾನ್ ತಗೊಳ್ಳಿ.

ಅಂದಹಾಗೆ, ಪಕ್ಕದಲ್ಲಿ ನೀರಿಗಿಳಿಯುವ ಹಲಗೆ ಇಲ್ಲದಿದ್ದರೆ ಯಾವ ಹಾಯಿ ಕಟ್ಟಿದರೂ ಕನೂ ಅಡ್ಡಡ್ಡ ಜಾರುತ್ತೆ.

ನನ್ನ ಡೇಕ್ರಾನ್ ಅಟ್ಟದ ಮೇಲಿದೆ. ಅರ್ಧ ಬೆಲೆಗೆ ಕೊಡ್ತೇನೆ.