ಎಲ್ಲಾ ಹಸಿರು ತೋರಿಸಿದರು ಅಂತ ಕ್ಲಸ್ಟರಿಗೆ ದುಡ್ಡು ಕೊಡಬೇಡಿ

ಶಿರಸಿ ಸುತ್ತ ಅಡಿಕೆ ವ್ಯವಹಾರಕ್ಕೆ ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್ (ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವ ವ್ಯವಸ್ಥೆ) ಮಾಡಿಸುವವರು ದಯವಿಟ್ಟು ಓದಿ. ಎಂಎಸ್‌ಎಂಕ್ಯೂ (ಮೈಕ್ರೋಸಾಫ್ಟಿನ ಮೆಸೇಜ್ ಕ್ಯೂಯಿಂಗ್, ಸಂದೇಶಗಳನ್ನು ಸಾಲಾಗಿ ಹಿಡಿದಿಡುವ ಸಾಫ್ಟ್‌ವೇರು) ಕೂರಿಸಿಕೊಡ್ತೀವಿ ಅಂತ ಹುಬ್ಬಳ್ಳಿಯಿಂದ ಬಂದವರು ನಮಗೆ ಟೋಪಿ ಹಾಕಿ ಹೋದರು.

ಕಾಟಾದ ತೂಕದ ಚೀಟಿ ಮೊದಲು ಕ್ಯೂಗೆ, ಅಲ್ಲಿಂದ ಬಿಲ್ಲಿಗೆ. ಆ ಕ್ಯೂ ಎರಡೂ ಸರ್ವರಿಗೆ ಸಿಗುವ ಶೇರ್ಡ್ ಡಿಸ್ಕಿನಲ್ಲಿರಬೇಕು. ಇವರು ಕ್ಲಸ್ಟರಿನಲ್ಲಿ ಮೆಸೇಜ್ ಕ್ಯೂಯಿಂಗ್ ರೋಲ್ (ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗಬಲ್ಲ ಸರ್ವೀಸು) ಮಾಡಿ, ಅದಕ್ಕೆ ಹೆಸರು, ಐಪಿ, ಡಿಸ್ಕು ಎಲ್ಲ ಕೊಟ್ಟು, ಕ್ಯೂ ಮಾತ್ರ ಅದರೊಳಗೆ ಮಾಡಲೇ ಇಲ್ಲ! ಎರಡೂ ಸರ್ವರಿನ ಲೋಕಲ್ ಎಂಎಸ್‌ಎಂಕ್ಯೂನಲ್ಲಿ ಒಂದೇ ಹೆಸರಿನ ಕ್ಯೂ ಮಾಡಿಟ್ಟರು. ಡೆಮೊ ದಿನ ಖಾಲಿ ಕ್ಯೂ ಇಟ್ಟುಕೊಂಡು ರೋಲನ್ನು ಆಚೆ ಈಚೆ ಮೂವ್ ಮಾಡಿ, "ನೋಡ್ರಿ ಸರ, ಎಲ್ಲಾ ಹಸಿರು ಐತಿ" ಅಂದರು. ಖಾಲಿ ಕ್ಯೂ ಎಲ್ಲಿಗೆ ಹೋದರೂ ಹಸಿರೇ!

ಮಳೆಗೆ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಒಂದನೇ ಸರ್ವರ್ ಬಿತ್ತು. ಎರಡನೆಯದು ಎದ್ದಿತು, ಎರರ್ ಒಂದೂ ಇಲ್ಲ. ಆದರೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ತೂಗಿಸಿ ಕೌಂಟರಿಗೆ ಬಂದವರಿಗೆ ಬಿಲ್ಲೇ ಇಲ್ಲ. ಅವರ ಮುಂದೆ ತಲೆ ಎತ್ತೋ ಹಾಗಿರಲಿಲ್ಲ. ಆಮೇಲೆ ನೋಡಿದರೆ ಚೀಟಿಗಳು ಒಂದನೇ ಸರ್ವರಿನ ಸಿ ಡ್ರೈವಿನಲ್ಲಿ, ಸಿಸ್ಟಮ್32 ಒಳಗಿನ ಎಂಎಸ್‌ಎಂಕ್ಯೂ ಸ್ಟೋರೇಜ್ ಫೋಲ್ಡರಿನಲ್ಲೇ ಕೂತಿವೆ. ಶೇರ್ಡ್ ಡಿಸ್ಕಿನಲ್ಲಿ ಒಂದೂ ಇಲ್ಲ. ರಿಕವರೆಬಲ್ (ಡಿಸ್ಕಿಗೆ ಬರೆದಿಡು) ಅಂತ ಗುರುತು ಮಾಡದೆ ಕಳಿಸಿದವು ಮೆಮೊರಿಯಲ್ಲಿದ್ದವು, ಹೋದವು ಹೋದವೇ.

ಫೋನ್ ಮಾಡಿದರೆ "ಕ್ಲಸ್ಟರ್ ಬರೋಬ್ಬರಿ ಐತ್ರಿ, ನಿಮ್ ಸಾಫ್ಟ್‌ವೇರಿಂದೇ ಪ್ರಾಬ್ಲಮ್ಮು." ಫೋಲ್ಡರಿನ ಫೋಟೋ ಕಳಿಸಿದೆ. "ಅದು ಸ್ಕೋಪಿನಾಗ ಇರಲಿಲ್ರಿ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿಸ್ರಿ, ನೋಡೂಣು." ಕ್ಯೂ ಕೂರಿಸೋಕೇ ಕರೆಸಿದ್ದು, ಕ್ಯೂ ಸ್ಕೋಪಿನಲ್ಲಿ ಇಲ್ಲವಂತೆ! ಆಮೇಲೆ ಫೋನೇ ಎತ್ತಲ್ಲ.

ನೀವು ಮಾಡಿಸುವಾಗ ಕ್ಯೂವನ್ನು ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರಿನಲ್ಲಿ ಆ ರೋಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಎಂಎಸ್‌ಎಂಕ್ಯೂ ಒಳಗಿಂದಲೇ ಮಾಡಿಸಿ. ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಿಂದ ಮಾಡಿದರೆ ಅದು ಲೋಕಲ್ಲೇ. ಬಿಲ್ಲಿಂಗ್ ಸರ್ವೀಸನ್ನು ಅದೇ ರೋಲಿಗೆ ಜೆನೆರಿಕ್ ಸರ್ವೀಸ್ ಆಗಿ ಸೇರಿಸಿ, ಎಂಎಸ್‌ಎಂಕ್ಯೂ ಮೇಲೆ ಡಿಪೆಂಡೆನ್ಸಿ ಕೊಟ್ಟು (ಅದು ಎದ್ದ ಮೇಲೇ ಇದು ಏಳುವ ಹಾಗೆ), ಕಂಪ್ಯೂಟರ್ ಹೆಸರಿನ ಬದಲು ನೆಟ್‌ವರ್ಕ್ ಹೆಸರು ಬಳಸುವ ಟಿಕ್ ಹಾಕಿಸಲೇಬೇಕು. ಆ ಟಿಕ್ ಇಲ್ಲದೆ, ಕ್ಯೂನ ಪಾತಿನಲ್ಲಿ (ವಿಳಾಸದಲ್ಲಿ) ಹೆಸರಿನ ಜಾಗದಲ್ಲಿ ಡಾಟ್ ಇದ್ದರೆ ಮತ್ತೆ ಲೋಕಲ್ ಕ್ಯೂಗೇ ಹೋಗುತ್ತೆ. ಕಾಟಾ ಕಡೆಯಿಂದ ಕಳಿಸೋದು ಆ ರೋಲಿನ ನೆಟ್‌ವರ್ಕ್ ಹೆಸರಿಗೆ, ಸರ್ವರಿನ ಹೆಸರಿಗಲ್ಲ. ಕ್ಯೂ ಟ್ರಾನ್ಸಾಕ್ಷನಲ್ ಇರಲಿ, ಆಗ ಚೀಟಿಗಳು ಡಿಸ್ಕಿಗೇ ಬರೆಯಲ್ಪಡುತ್ತವೆ.

ಮೂವ್ ಬಟನ್ ತೋರಿಸಿದರೆ ಒಪ್ಪಬೇಡಿ. ಬಿಲ್ಲಿಂಗ್ ಸರ್ವೀಸ್ ನಿಲ್ಲಿಸಿ, ನೂರು ಚೀಟಿ ಕ್ಯೂಗೆ ತುಂಬಿಸಿ, ನಡೀತಿರೋ ಸರ್ವರಿನ ಕರೆಂಟಿನ ವೈರ್ ಅವರ ಕೈಯಲ್ಲೇ ಕೀಳಿಸಿ. ಇನ್ನೊಂದು ಸರ್ವರಿನಲ್ಲಿ ನೂರಕ್ಕೆ ನೂರು ಕಂಡ ಮೇಲೆ ಕೊನೇ ಕಂತಿನ ಚೆಕ್ ಬರೀರಿ.