2007ರ ಜಿಪ್ಸಿ: ಮಾರೋದಾ, ಇಟ್ಕೊಳ್ಳೋದಾ?

ಕಾಫಿಗೆ ಒಳ್ಳೇ ರೇಟು ಬಂದ ಮೇಲೆ ನಮ್ಮ ಮೂಡಿಗೆರೆ ಕಡೆ ಎಲ್ಲಿ ನೋಡಿದರೂ ಹೊಸ ಮಹೀಂದ್ರ ಥಾರ್ ಜೀಪು. ನನ್ನದು ಮಾತ್ರ ಅದೇ ಹಳೇ ಮಾರುತಿ ಜಿಪ್ಸಿ ಜೀಪು. 2007ರ ಮಾಡೆಲ್, 1.3 ಲೀಟರ್ ಪೆಟ್ರೋಲ್, ಬಟ್ಟೆ ಹುಡ್. ಸೆಕೆಂಡ್ ಹ್ಯಾಂಡ್ ತಗೊಂಡು ಹತ್ತು ವರ್ಷದ ಮೇಲಾಯಿತು. "ಇದನ್ನಿನ್ನೂ ಮಾರಿಲ್ವಾ?" ಅಂತ ಸಂತೆಗೆ ಹೋದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ. ಈ ವರ್ಷ ನಾನೂ ಅದನ್ನೇ ಕೇಳಿಕೊಂಡೆ. ಬಿಎಚ್‌ಪಿ, ಟಾರ್ಕ್ ಅಂತ ಎಂಜಿನ್ ಶಕ್ತಿಯ ಲೆಕ್ಕವೆಲ್ಲ ಇಲ್ಲಿ ಬರೆಯಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ.

ನಮ್ಮ ತೋಟದ ಗೇಟಿನ ತನಕ ಟಾರು ರೋಡು. ಅಲ್ಲಿಂದ ಕಣದವರೆಗೆ ಕೆಂಪು ಮಣ್ಣಿನ ಏರು. ಹಿಂದಿನ ಮಾಲೀಕರು ಮುಂದಿನ ಚಕ್ರಗಳಿಗೆ ಕೈಯಲ್ಲಿ ತಿರುಗಿಸುವ ಹಬ್ (ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ, ಬಿಡಿಸುವ ತಿರುಗಣಿ) ಹಾಕಿಸಿದ್ದರು. ಅದು 'ಫ್ರೀ'ಯಲ್ಲಿದ್ದರೆ ಒಳಗೆ ಕೂತು ಫೋರ್ ವೀಲ್ ಡ್ರೈವ್ ಲಿವರ್ ಎಷ್ಟು ಎಳೆದರೂ ಪ್ರಯೋಜನವಿಲ್ಲ, ಮುಂದಿನ ಚಕ್ರಕ್ಕೆ ಎಳೆತವೇ ಹೋಗಲ್ಲ. ಹಾಗಾಗಿ ಮಳೆಗಾಲದಲ್ಲಿ ದಿನಾ ಗೇಟಿನ ಹತ್ತಿರ ಇಳಿಯಬೇಕು. ಕೊಡೆ ಹಿಡಿದರೆ ಹಬ್ ತಿರುಗಿಸೋಕೆ ಆಗಲ್ಲ, ಹಬ್ ತಿರುಗಿಸಿದರೆ ಕೊಡೆ ನಿಲ್ಲಲ್ಲ. ಬೆರಳಲ್ಲಿ ಕೆಸರು ಒರೆಸಿ, ಎಡಗಡೆಯದ್ದು 'ಲಾಕ್', ಸುತ್ತಿ ಬಂದು ಬಲಗಡೆಯದ್ದು 'ಲಾಕ್'. ಅಷ್ಟರಲ್ಲಿ ಒಂದೆರಡು ಉಂಬಳ (ಜಿಗಣೆ) ಚಪ್ಪಲಿ ಹತ್ತಿರುತ್ತವೆ. ಒಳಗೆ ಕೂತು ಚಿಕ್ಕ ಲಿವರ್ ಎಳೆದರೆ 'ಟಕ್' ಅನ್ನುತ್ತದೆ. ಆಮೇಲೆ ಏರು ಏರೇ ಅಲ್ಲ. ಟಾರಿಗೆ ವಾಪಸ್ ಬಂದ ಕೂಡಲೇ ಮೊದಲು ಲಿವರ್ ಬಿಡಿಸಬೇಕು. ಒಣ ರಸ್ತೆಯ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳುತ್ತವೆ, ಆ ವ್ಯತ್ಯಾಸ ಸರಿದೂಗಿಸೋಕೆ ಮಧ್ಯೆ ಡಿಫರೆನ್ಷಿಯಲ್ ಇಲ್ಲ, ಆ ಜಗ್ಗಾಟ ಪೂರ್ತಿ ಗೇರುಗಳ ಮೇಲೆ ಬೀಳುತ್ತದೆ. ಹೊಸ ಗಾಡಿಯವರಿಗೆ ಈ ಇಳಿದು ಹತ್ತುವ ಕೆಲಸವೇ ಇಲ್ಲ, ಲಿವರ್ ಎಳೆದರೆ ಮುಗಿಯಿತು. ನನಗೆ ಮಾತ್ರ ಅದಿಲ್ಲದಿದ್ದರೆ ತೋಟಕ್ಕೆ ಬಂದ ಹಾಗೇ ಅನ್ನಿಸಲ್ಲ.

ಜಿಪ್ಸಿಯ ನಿಜವಾದ ಗುಣ ಅದರ ತೂಕ. ಒಂದು ಟನ್ನಿನ ಆಸುಪಾಸು ಅಷ್ಟೇ. ಭಾರದ ಗಾಡಿಗಳು ಹೂತು ಕೂರುವ ಕಡೆ ಇದು ತೇಲಿಕೊಂಡು ಹೋಗುತ್ತದೆ. ಜಾರಿದರೂ ನಾಲ್ಕು ಜನ ಸೇರಿ ತಳ್ಳಬಹುದು. ಹಿಂದಿನ ಅಡ್ಡ ಸೀಟು ಮಡಚಿ ಹುಡ್ ಎತ್ತಿಬಿಟ್ಟರೆ ಗೊಬ್ಬರದ ಚೀಲ, ಕೊಯ್ಲಿನ ಹಣ್ಣು, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಯ ಡ್ರಮ್ಮು, ಎಲ್ಲದಕ್ಕೂ ಜಾಗ.

ಇಷ್ಟು ಹೊಗಳಿದ್ದು ಸಾಕು. ಈಗ ತುಕ್ಕಿನ ವಿಷಯಕ್ಕೆ ಬರುತ್ತೇನೆ, ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಅದಕ್ಕೆ.

ಹೋದ ಮಳೆಗಾಲದಲ್ಲಿ ಒಂದು ಗುಂಡಿ ದಾಟುವಾಗ ಕೆಸರು ನೀರು ಸೀದಾ ನನ್ನ ಪಾದಕ್ಕೇ ಬಂತು. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಲ್ಲಿ ಮೆಲ್ಲಗೆ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿದು ಬಂತು. ಕೆಳಗಿನ ನೆಲ ಕಾಣುತ್ತಿತ್ತು! ನಮ್ಮ ಮಳೆ, ಚೀಲದಿಂದ ಉದುರುವ ಪೊಟ್ಯಾಷ್, ಡ್ರಮ್ಮಿನಿಂದ ಚೆಲ್ಲುವ ಮೈಲುತುತ್ತ, ಇವೆಲ್ಲ ಸೇರಿದರೆ ಯಾವ ಕಂಪನಿಯ ತಗಡೂ ಉಳಿಯಲ್ಲ, ಅದು ಗೊತ್ತು. ಆದರೆ ಹೊಟ್ಟೆ ಉರಿದಿದ್ದು ಬೇರೆ ಕಾರಣಕ್ಕೆ. ಮೂರ್ನಾಲ್ಕು ವರ್ಷದ ಹಿಂದೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಗಾಡಿಯ ತಳಕ್ಕೆ ತುಕ್ಕು ಹಿಡಿಯದಂತೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ದೆ. ಅವರು ಕೆಸರು ತೊಳೆದಿಲ್ಲ, ತುಕ್ಕು ಕೆರೆದಿಲ್ಲ, ಅದರ ಮೇಲೇ ಕಪ್ಪು ಬಳಿದು ಕಳಿಸಿದ್ದಾರೆ. ಹೊರಗಿಂದ ನೋಡೋಕೆ ಮಿರಮಿರ. ಒಳಗೆ ತೇವ ಸಿಕ್ಕಿಹಾಕಿಕೊಂಡು ವರ್ಷಪೂರ್ತಿ ತಿನ್ನುತ್ತಲೇ ಇತ್ತು. ಕೋಟಿಂಗೇ ಇಲ್ಲದಿದ್ದರೆ ಮೊದಲ ವರ್ಷವೇ ತುಕ್ಕು ಕಣ್ಣಿಗೆ ಬೀಳುತ್ತಿತ್ತು. ದುಡ್ಡು ಕೊಟ್ಟು ತುಕ್ಕನ್ನು ಮುಚ್ಚಿಟ್ಟ ಹಾಗಾಯಿತು.

ಅದರ ಜೊತೆಗೆ ಅರವತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಮುಂದಿನ ಚಕ್ರ ಆಚೀಚೆ ಹೊರಳುವ ಕಿಂಗ್‌ಪಿನ್ ಬೇರಿಂಗ್ ಸವೆದಿದೆ. ಮುಂದಿನ, ಹಿಂದಿನ ಚಕ್ರಕ್ಕೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟುಗಳು ಹೋಗಿವೆ. ಟಿಂಕರಿಂಗ್, ಪೇಂಟು, ಇವೆಲ್ಲ ಸೇರಿ ಒಂದು ಲಕ್ಷದ ಹತ್ತಿರ ಅಂದರು. ಗಾಡಿ ಮಾರಿಬಿಡೋಣ ಅಂತ ಮನೆಯಲ್ಲಿ ಹೇಳಿಯೂ ಆಗಿತ್ತು.

ಮಾರುತಿಯದೇ ಹೊಸ ಜೀಪು ಜಿಮ್ನಿ, ಅದರ ಟೆಸ್ಟ್ ಡ್ರೈವ್ ಮಾಡಿ ಬಂದೆವು. ಒಳ್ಳೇ ಗಾಡಿ, ಸುಳ್ಳು ಹೇಳಬಾರದು. ಜಿಪ್ಸಿಯ ಹಾಗೇ ಲ್ಯಾಡರ್ ಚಾಸಿಸ್ (ಬಾಡಿ ಕೂರುವ ಏಣಿಯಂಥ ಉಕ್ಕಿನ ಚೌಕಟ್ಟು), ಕಡಿದಾದ ಏರಿಗೆ ಲೋ ರೇಂಜ್ ಗೇರೂ ಇದೆ. ಆದರೆ ಕೆಳಗಿರೋದು ಕಾಯಿಲ್ ಸ್ಪ್ರಿಂಗ್. ಜಿಪ್ಸಿಯ ಲೀಫ್ ಸ್ಪ್ರಿಂಗಿಗೆ ಒಗ್ಗಿದ ನನ್ನ ಸೊಂಟಕ್ಕೆ ಅದೇ ಸ್ವರ್ಗ. ಹೆಂಡತಿ ಏರ್‌ಬ್ಯಾಗ್ ಎಷ್ಟು ಅಂತ ಕೇಳಿದಳು. ಆರು ಅಂದರು. ನಮ್ಮ ಗಾಡಿಯಲ್ಲಿ ಒಂದೂ ಇಲ್ಲ ಅನ್ನೋದನ್ನು ವಾಪಸ್ ಬರುವ ದಾರಿಯುದ್ದಕ್ಕೂ ನೆನಪಿಸಿದಳು.

ಲೆಕ್ಕಕ್ಕೆ ಕೂತಾಗ ಮಾತ್ರ ಬಿಸಿ ಇಳಿಯಿತು. ಜಿಮ್ನಿ 2023ರಲ್ಲಿ ಬಂದಾಗ ಶುರುವಿನ ಬೆಲೆಯೇ 12.74 ಲಕ್ಷ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ 17 ಪರ್ಸೆಂಟ್, ಅದರ ಮೇಲೆ ಸೆಸ್ಸು. ಅಂದರೆ ಬರೀ ಟ್ಯಾಕ್ಸೇ ಎರಡು ಲಕ್ಷ ದಾಟುತ್ತದೆ. ಆ ದುಡ್ಡಿನಲ್ಲಿ ನನ್ನ ಜಿಪ್ಸಿಯನ್ನು ಎರಡು ಸಲ ಬಿಚ್ಚಿ ಜೋಡಿಸಬಹುದು. ಮೇಲಾಗಿ ಅದು ನಾಲ್ಕು ಸೀಟಿನ ಚೆಂದದ ಕಾರು. ಅದರೊಳಗೆ ಪೊಟ್ಯಾಷ್ ಚೀಲ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ?

ಹಾಗಂತ ಹಳೇ ಗಾಡಿಯೂ ಬಿಟ್ಟಿಯಲ್ಲ. 15 ವರ್ಷ ತುಂಬಿದ್ದು 2022ರಲ್ಲಿ. ಅದೇ ಏಪ್ರಿಲ್‌ನಿಂದ ರಿಜಿಸ್ಟ್ರೇಷನ್ ರಿನ್ಯೂವಲ್ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು, ಸರಿಯಾಗಿ ನನ್ನ ಸರದಿಗೇ! ಐದು ವರ್ಷಕ್ಕೊಮ್ಮೆ ಮಾಡಿಸಬೇಕು, ಮುಂದಿನದು 2027ಕ್ಕೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನೂ 10,000 ಮಾಡಿದ್ದಾರೆ. ಗ್ರೀನ್ ಟ್ಯಾಕ್ಸ್ ಬೇರೆ.

ಕೊನೆಗೆ ತೀರ್ಮಾನ ಮಾಡಿದ್ದು ಸುತ್ತಿಗೆ. ನಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರು ಗಾಡಿ ಕೆಳಗೆ ಮಲಗಿ ಚಾಸಿಸ್ ಉದ್ದಕ್ಕೂ ಕುಟ್ಟುತ್ತಾ ಬಂದರು. ಗಟ್ಟಿ ಇರುವ ಕಡೆ 'ಠಣ್' ಅನ್ನುತ್ತದೆ, ತುಕ್ಕು ತಿಂದ ಕಡೆ 'ದೊಬ್' ಅನ್ನುತ್ತದೆ. ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ತಡೆದು ತಡೆದು ಕುಟ್ಟಿದರು. ಎಲ್ಲೂ 'ದೊಬ್' ಬರಲಿಲ್ಲ. "ಬಾಡಿ ತಗಡು ಹೋದ್ರೆ ಹೋಗ್ಲಿ, ಬೋಲ್ಟ್ ಬಿಚ್ಚಿ ಬೇರೆ ಕೂರಿಸ್ಬೋದು. ಚಾಸಿಸ್ ಹೋಗಿದ್ರೆ ನಾನೇ ಗುಜರಿಗೆ ಕೊಡಿ ಅಂತಿದ್ದೆ" ಅಂದರು. 2019ರಲ್ಲೇ ಮಾರಾಟ ನಿಂತಿದ್ದರೂ ಬಿಡಿಭಾಗಕ್ಕೆ ಇನ್ನೂ ಪರದಾಡಿಲ್ಲ. ಸೇನೆ ದಶಕಗಟ್ಟಲೆ ಓಡಿಸಿದ ಗಾಡಿ ಅಲ್ವಾ.

ಹೊಸ ನೆಲ ಹಾಕಿಸಿದೆ. ಈ ಸಲ ಪಕ್ಕದಲ್ಲೇ ನಿಂತು ತುಕ್ಕು ಕೆರೆಸಿ, ಪ್ರೈಮರ್ ಒಣಗಿದ ಮೇಲೆಯೇ ಪೇಂಟ್ ಮಾಡಿಸಿದೆ. ಚೀಲದ ಕೆಳಗೆ ಈಗ ದಪ್ಪ ರಬ್ಬರ್ ಶೀಟ್ ಇರುತ್ತದೆ. ಮಂಗಳೂರಿಗೆ, ಬೆಂಗಳೂರಿಗೆ ಮನೆಯವರೆಲ್ಲ ಮನೆಯ ಇನ್ನೊಂದು ಕಾರಿನಲ್ಲೇ ಹೋಗೋದು, ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಜಿಪ್ಸಿ ಬೇಡ ಅಂತ ಹೆಂಡತಿಗೆ ಮಾತು ಕೊಟ್ಟಾಗಿದೆ. ಮನೆಗೆ ಇರೋದು ಒಂದೇ ಗಾಡಿ ಅನ್ನುವವರಿಗೆ ನಾನು ಜಿಪ್ಸಿ ತಗೊಳ್ಳಿ ಅನ್ನಲ್ಲ. ತೋಟಕ್ಕೆ ಅಂತಲೇ ಹಳೇದು ಹುಡುಕುವವರು ಫಳಫಳ ಕಪ್ಪು ಕೋಟಿಂಗ್ ಕಂಡರೆ ಒಂದು ಮೂಲೆ ಕೆರೆದು ನೋಡಿ. ಕೆರೆಯೋಕೆ ಬಿಡದವರ ಹತ್ತಿರ ವ್ಯಾಪಾರ ಬೇಡ.

ಇನ್ನು ಬಾಕಿ ಇರೋದು ಹುಡ್ ಬಟ್ಟೆ, ಹೊಲಿಗೆಯಲ್ಲೆಲ್ಲ ಸೋರುತ್ತಿದೆ. ಸಕಲೇಶಪುರ, ಹಾಸನದ ಕಡೆ ಚೆನ್ನಾಗಿ ಹೊಲಿಯುವವರು ಗೊತ್ತಿದ್ದರೆ ಹೇಳಿ, ಮಳೆ ಹಿಡಿಯುವುದರೊಳಗೆ ಮಾಡಿಸಬೇಕು.